ಎಂಟರಲ್ಲಿ ಒಬ್ಬ ಸುಮಾರಪ್ಪ

ತೂಕ ಮತ್ತು ಅಳತೆ ಇಲಾಖೆಯವರು ಗುಲಗಂಜಿಯಷ್ಟು ವ್ಯತ್ಯಾಸ ಕಂಡರೂ ಅಂಗಡಿಯವರ ತಕ್ಕಡಿ ಹೊತ್ತುಕೊಂಡು ಬರುತ್ತಾರೆ. ಅಂಥ ಕಚೇರಿಯಲ್ಲಿ ಹದಿನಾರು ವರ್ಷ ಗುಮಾಸ್ತನಾಗಿದ್ದ ಮನುಷ್ಯನ ಬಾಯಲ್ಲಿ ‘ಸುಮಾರು’ ಇಲ್ಲದೆ ಒಂದು ವಾಕ್ಯವೂ ಹೊರಡುತ್ತಿರಲಿಲ್ಲ. ಗಂಟೆ ಎಷ್ಟು ಎಂದರೆ ‘ಸುಮಾರು ಹತ್ತೂಕಾಲು’. ಮಕ್ಕಳೆಷ್ಟು ಎಂದರೆ ‘ಸುಮಾರು ಇಬ್ಬರು’. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಭದ್ರವಾಗಿತ್ತು. ಉಳಿದ ಜಗತ್ತಿಗೆಲ್ಲ ಅವನು ಸುಮಾರಪ್ಪ.

ಒಂದು ಸೋಮವಾರ ಮಧ್ಯಾಹ್ನ ಆ ಕಚೇರಿಗೆ ಒಂದು ಸುತ್ತೋಲೆ ಬಂತು. ಕಡಲ ದಂಡೆಯ ತುತ್ತತುದಿಯಲ್ಲಿ ಇಲಾಖೆ ಹೊಸ ಶಾಖೆ ತೆರೆಯುತ್ತಿದೆ, ಇಲ್ಲಿಂದ ಒಬ್ಬರನ್ನು ಮೂರು ವರ್ಷದ ಮಟ್ಟಿಗೆ ಕಳಿಸತಕ್ಕದ್ದು. ಆ ಜಾಗವನ್ನು ಒಮ್ಮೆ ನೋಡಿಬಂದಿದ್ದ ಇಲಾಖೆಯ ಜೀಪಿನ ಡ್ರೈವರ್ ಅದನ್ನು ಹೀಗೆ ಬಣ್ಣಿಸಿದ: “ದಿನಕ್ಕೆ ಒಂದೇ ಬಸ್ಸು. ಅದು ಬರೋದೂ ಅದರ ಡ್ರೈವರಿಗೆ ಮನಸ್ಸು ಬಂದ್ರೆ. ಗಾಳಿ ಹೆಂಗೆ ಬೀಸುತ್ತೆ ಅಂದ್ರೆ, ಖಾಲಿ ತಕ್ಕಡಿ ಇಟ್ರೆ ಮರಳು ಬಂದು ಬಿದ್ದು ಅದೇ ಕಾಲು ಕಿಲೋ ತೋರಿಸುತ್ತೆ.”

ಸೂಪರಿಂಟೆಂಡೆಂಟರು ಕೆಟ್ಟವರಲ್ಲ. ಯಾರ ಮನಸ್ಸನ್ನೂ ನೋಯಿಸದೆ ನಿವೃತ್ತರಾಗಬೇಕು ಎಂಬುದೊಂದೇ ಅವರ ಆಸೆ. ಅವರ ಕೈಕೆಳಗೆ ಇದ್ದವರು ಎಂಟು ಜನ. ಎಂಟೂ ಮುಖಗಳನ್ನು ಒಮ್ಮೆ ನೋಡಿ, ಕನ್ನಡಕ ತೆಗೆದು ಒರೆಸಿ, “ನಾನು ಯಾರ ಹೆಸರನ್ನೂ ಹೇಳಲ್ಲಪ್ಪ. ನಾಳೆ ಬೆಳಿಗ್ಗೆ ಚೀಟಿ ಎತ್ತೋಣ. ಎಂಟು ಚೀಟಿ, ಒಂದರಲ್ಲಿ ಗುಣಿಸು ಗುರುತು. ಅದು ಯಾರಿಗೆ ಬರುತ್ತೋ ಅವರು ಗಂಟು ಕಟ್ಟೋದು,” ಎಂದರು.

“ಸಾರ್, ಒಂದು ಮಾತು...” ಎಂದು ಮೂಲೆಯಿಂದ ಟೈಪಿಸ್ಟಮ್ಮ ಬಾಯಿ ತೆರೆದಳು. ಆಕೆಯ ಧ್ವನಿ ಆಕೆಯ ಟೈಪ್ ಯಂತ್ರದ ಸದ್ದಿನ ಕಾಲು ಭಾಗದಷ್ಟೂ ಇರಲಿಲ್ಲ.

“ನಾಳೆ ಹೇಳಮ್ಮ, ನಾಳೆ,” ಎಂದು ಸೂಪರಿಂಟೆಂಡೆಂಟರು ಎದ್ದರು.

ಸುಮಾರಪ್ಪ ಮನೆ ಸೇರಿದಾಗ ಮುಖ ಬಾಡಿದ ಬದನೆಕಾಯಿಯಂತಿತ್ತು. ವಿಷಯ ಕೇಳಿ ಹೆಂಡತಿ ಕುರ್ಚಿಗೆ ಕುಸಿದಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳು ಕೆಲಸ ಬಿಟ್ಟು ಅವನ ಹಿಂದೆ ಹೋಗುವಂತಿರಲಿಲ್ಲ. ಅವನನ್ನು ಒಬ್ಬನೇ ಕಳಿಸುವ ಮಾತೂ ಅಷ್ಟೇ ಕಷ್ಟ. ಹಿಂದೊಮ್ಮೆ ಅವಳು ಎರಡು ದಿನ ಊರಲ್ಲಿಲ್ಲದಾಗ ನೀರು ಕಾಯಿಸಲು ಹೋಗಿ ಪಾತ್ರೆಯ ತಳ ಕಳಚಿದ ಪುಣ್ಯಾತ್ಮ ಅವನು.

“ಎಂಟು ಜನರಲ್ಲಿ ನಿಮಗೇ ಬರುತ್ತೆ ಅಂತ ಏನು ಗ್ಯಾರಂಟಿ ರೀ?” ಎಂದಳು, ತನಗೆ ತಾನೇ ಧೈರ್ಯ ಹೇಳಿಕೊಂಡು.

“ನನ್ನ ಹಣೆಬರಹ ನಿನಗೆ ಗೊತ್ತಿಲ್ವೇನೇ? ಸುಮಾರು ಗ್ಯಾರಂಟಿನೇ.”

ಆಗ ಒಳಕೋಣೆಯಿಂದ, “ಗ್ಯಾರಂಟಿ ಇಲ್ಲ. ಎಂಟರಲ್ಲಿ ಒಂದು,” ಎಂದು ಕಂಚಿನ ಕಂಠವೊಂದು ಕೇಳಿಸಿತು.

ಅದು ಅತ್ತೆಯವರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕಣ್ಣಿನ ಪೊರೆ ತೆಗೆಸಿಕೊಂಡು ನಾಲ್ಕು ದಿನ ಇದ್ದು ಹೋಗುತ್ತೇನೆಂದು ಮಗಳ ಮನೆಗೆ ಬಂದು ಹನ್ನೊಂದು ತಿಂಗಳಾಗಿತ್ತು. ಪೊರೆ ಹೋದ ಮೇಲೆ ಅಳಿಯನ ತಪ್ಪುಗಳೆಲ್ಲ ಅವರಿಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಅವರು ಮಗಳ ಹೊಲಿಗೆ ಡಬ್ಬಿ ತಂದು ಏಳು ಬಿಳಿ ಗುಂಡಿ, ಒಂದು ಕರಿಗುಂಡಿ ಆರಿಸಿ ಒಂದು ಚೀಲಕ್ಕೆ ಹಾಕಿದರು.

“ನೋಡಿ ಅಳಿಯಂದ್ರೇ. ನೋಡದೆ ಒಂದು ಗುಂಡಿ ತೆಗೆಯೋದು ಪ್ರಯೋಗ. ಏನೇನು ಬರಬಹುದು ಅನ್ನೋ ಪೂರ್ತಿ ಪಟ್ಟಿ ಫಲಿತಗಣ. ಇಲ್ಲಿ ಎಂಟು. ಕರಿಗುಂಡಿ ಬರೋದು ಘಟನೆ.”

“ಘಟನೆ ಅಲ್ಲ ಅತ್ತೆ, ದುರ್ಘಟನೆ.”

“ಗಣಿತಕ್ಕೆ ದುಃಖ ಇಲ್ಲ, ಸಂತೋಷ ಇಲ್ಲ. ಬರೀ ಘಟನೆ. ಅನುಕೂಲ ಫಲಿತಗಳನ್ನ ಒಟ್ಟು ಫಲಿತಗಳಿಂದ ಭಾಗಿಸಿದ್ರೆ ಸಂಭವನೀಯತೆ. ಇಲ್ಲಿ ಅನುಕೂಲ ಫಲಿತ ಒಂದೇ, ಕರಿಗುಂಡಿ.”

ಸುಮಾರಪ್ಪ ಕುರ್ಚಿಯಿಂದ ಎದ್ದೇಬಿಟ್ಟ. “ಅನುಕೂಲವೇ? ನನ್ನನ್ನ ಮರಳುಗಾಡಿಗೆ ಎಸೆಯೋದು ಯಾರಿಗೆ ಅತ್ತೆ ಅನುಕೂಲ?”

“ನಾವು ಯಾವುದರ ಬಗ್ಗೆ ಕೇಳ್ತೀವೋ ಆ ಪ್ರಶ್ನೆಗೆ ಅನುಕೂಲ. ನಿಮಗಲ್ಲ. ಕೂತ್ಕೊಳ್ಳಿ.”

ಅವನು ಕೂತ. ಗಣಿತಶಾಸ್ತ್ರವೂ ಇಲಾಖೆಯ ಜೊತೆ ಒಳಗೊಳಗೇ ಶಾಮೀಲಾಗಿದೆ ಎಂಬ ಗುಮಾನಿ ಮಾತ್ರ ಎದ್ದೇ ನಿಂತಿತ್ತು. ಸ್ವಲ್ಪ ಯೋಚಿಸಿ ಒಂದು ಪ್ರಶ್ನೆ ಕೇಳಿದ. ಜೀವನದಲ್ಲಿ ಅವನು ಕೇಳಿದ ಮೊದಲ ಬುದ್ಧಿವಂತ ಪ್ರಶ್ನೆ ಅದು. ಅನಾಹುತವೆಲ್ಲ ಆಗಿದ್ದು ಅದರಿಂದಲೇ.

“ಅಲ್ಲ ಅತ್ತೆ, ಮೊದಲನೆಯವನಿಗೆ ಎಂಟರಲ್ಲಿ ಒಂದು. ಅವನಿಗೆ ಬಿಳಿ ಬಂತು ಅಂದ್ಕೊಳ್ಳಿ, ಎರಡನೆಯವನಿಗೆ ಏಳರಲ್ಲಿ ಒಂದು. ಆಮೇಲೆ ಆರರಲ್ಲಿ ಒಂದು. ಹಾಗಾದ್ರೆ ಕೊನೆಯವನಿಗೆ?”

ಅತ್ತೆಯವರ ಮುಖದಲ್ಲಿ ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅಳಿಯನ ಬಗ್ಗೆ ಒಂದು ಭರವಸೆ ಮಿನುಗಿತು. “ಏಳು ಜನಕ್ಕೂ ಬಿಳಿ ಬಂದಿದ್ರೆ ಎಂಟನೆಯವನಿಗೆ ಕರಿಗುಂಡಿ ಖಚಿತ ಘಟನೆ. ಸಂಭವನೀಯತೆ ಒಂದು. ಅಂದ್ರೆ ನೂರಕ್ಕೆ ನೂರು. ಆದರೆ...”

ಆ ‘ಆದರೆ’ಗೆ ಸರಿಯಾಗಿ ಬಾಗಿಲು ಬಡಿಯಿತು. ಪಕ್ಕದ ಮನೆಯವರು ಬಲ್ಬು ಬದಲಿಸಲು ಏಣಿ ಕೇಳಲು ಬಂದಿದ್ದರು. ಸುಮಾರಪ್ಪ ಏಣಿ ಕೊಟ್ಟ, ಏಣಿ ಹಿಡಿದುಕೊಂಡ, ವರ್ಗಾವಣೆಯ ಕಥೆ ಹೇಳಿ ಕಣ್ಣೀರಿಟ್ಟ. ತಿರುಗಿ ಬಂದವನು ಊಟ ಮಾಡಿ ಮಲಗಿಬಿಟ್ಟ. ಅತ್ತೆಯವರ ‘ಆದರೆ’ ಗುಂಡಿಗಳ ಜೊತೆ ಡಬ್ಬಿ ಸೇರಿತು.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ಮರುದಿನ ಕಚೇರಿಗೆ ಹೋದದ್ದು ಅರ್ಧ ಕೊಡ. ದಾರಿಯುದ್ದಕ್ಕೂ ತುಳುಕಿಕೊಂಡೇ ಹೋಯಿತು.

ಚಹಾದ ಲೋಟ ಕೈಯಲ್ಲಿ ಹಿಡಿದು ಸುಮಾರಪ್ಪ ಗಂಭೀರವಾಗಿ ಹೇಳಿದ: “ನಿಮಗೆ ಯಾರಿಗೂ ಗೊತ್ತಿಲ್ಲ. ಮೊದಲು ಎತ್ತಿದವನಿಗೆ ಅಪಾಯ ಎಂಟರಲ್ಲಿ ಒಂದು. ಕೊನೆಗೆ ಎತ್ತೋನಿಗೆ ನೂರಕ್ಕೆ ನೂರು. ಇದು ನಾನು ಹೇಳ್ತಿರೋದಲ್ಲ. ಗಣಿತ. ಸಂಭವನೀಯತೆ!”

ಕೊನೆಯ ಪದ ಅರ್ಥವಾಗದಿದ್ದುದರಿಂದ ಎಲ್ಲರೂ ನಂಬಿದರು.

ಹೆಡ್ ಕ್ಲಾರ್ಕ್ ತಕ್ಷಣ ಲೋಟ ಕೆಳಗಿಟ್ಟರು. “ಹಾಗಾದ್ರೆ ಮೊದಲು ನಾನು. ಸೀನಿಯಾರಿಟಿ.”

“ಸೀನಿಯಾರಿಟಿ ಬಡ್ತಿಗೆ ಸ್ವಾಮಿ, ಚೀಟಿಗಲ್ಲ,” ಎಂದ ಮುದ್ರೆಯಣ್ಣ. ಕಬ್ಬಿಣದ ತೂಕದ ಕಲ್ಲುಗಳಿಗೆ ಸುತ್ತಿಗೆಯಿಂದ ಇಲಾಖೆಯ ಮುದ್ರೆ ಹೊಡೆಯುವುದು ಅವನ ಕೆಲಸ. ಮಾತೂ ಹಾಗೆಯೇ. “ವಯಸ್ಸಲ್ಲಿ ನಾನು ದೊಡ್ಡೋನು. ನಾನೇ ಮೊದಲು.”

“ಇವತ್ತು ಬೆಳಿಗ್ಗೆ ಆಫೀಸಿಗೆ ಮೊದಲು ಬಂದೋನು ನಾನು,” ಎಂದ ಡ್ರೈವರ್.

“ಸಾರ್, ನಾನೊಂದು...” ಎಂದಳು ಟೈಪಿಸ್ಟಮ್ಮ.

“ಏನಮ್ಮ, ಹೆಂಗಸರಿಗೆ ಮೊದಲು ಅಂತೀಯಾ? ಅದೆಲ್ಲ ಬಸ್ಸಲ್ಲಿ!” ಎಂದು ಮುದ್ರೆಯಣ್ಣ ಆ ಬಾಯಿಗೂ ಒಂದು ಮುದ್ರೆ ಹೊಡೆದ.

ಗಲಾಟೆ ಕೇಳಿ ಬಂದ ಸೂಪರಿಂಟೆಂಡೆಂಟರು ಯಾರ ಮನಸ್ಸೂ ನೋಯದ ದಾರಿ ಕಂಡುಹಿಡಿದರು. “ಸರಿ. ಯಾರು ಮೊದಲು ಎತ್ತಬೇಕು ಅನ್ನೋದಕ್ಕೂ ಚೀಟಿ ಹಾಕೋಣ.”

ಎಲ್ಲರೂ ಒಪ್ಪಿದರು. ಹೆಡ್ ಕ್ಲಾರ್ಕು ಒಂದರಿಂದ ಎಂಟರವರೆಗೆ ಚೀಟಿ ಬರೆದು, ಹಾಲಿನ ಅಂಗಡಿಯಿಂದ ಜಪ್ತಿ ಮಾಡಿದ್ದ ಒಂದು ಲೀಟರಿನ ಅಳತೆ ಡಬ್ಬಕ್ಕೆ ಹಾಕಿದರು. ಸುಮಾರಪ್ಪ ಅಲ್ಲಿ ಕೆಮ್ಮಿದ.

“ಅಲ್ಲಾ ಸಾರ್, ಈ ಚೀಟಿನ ಯಾರು ಮೊದಲು ಎತ್ತೋದು?”

ಚಾಚಿದ್ದ ಕೈಗಳೆಲ್ಲ ಡಬ್ಬದಿಂದ ಹಿಂದೆ ಸರಿದವು. ಪಾಯಿಂಟು ಇತ್ತು. ಹಿಂದುಳಿದವನಿಗೆ ಅನ್ಯಾಯ ಎಂಬುದು ಗಣಿತವಾದ ಮೇಲೆ, ಆ ಅನ್ಯಾಯ ಈ ಚೀಟಿಗೂ ಅನ್ವಯಿಸಲೇಬೇಕಲ್ಲ! ಹಾಗಾಗಿ ಸರದಿ ನಿರ್ಧರಿಸುವ ಚೀಟಿಗಳನ್ನು ಎತ್ತುವ ಸರದಿಗೂ ಚೀಟಿ ಬರೆಯಲಾಯಿತು. ಅದಕ್ಕೆ ಡ್ರೈವರ್ ತಕರಾರು ತೆಗೆದ. ಮತ್ತೊಂದು ಕಂತು ಬರೆಯಲಾಯಿತು. ಹನ್ನೊಂದೂವರೆ ಹೊತ್ತಿಗೆ ಮೇಜಿನ ಮೇಲೆ ಒಂದು ಲೀಟರು, ಅರ್ಧ ಲೀಟರು, ಕಾಲು ಲೀಟರಿನ ಡಬ್ಬಗಳು ಸಾಲಾಗಿ ನಿಂತು, ಒಂದೊಂದರಲ್ಲೂ ಎಂಟೆಂಟು ಚೀಟಿ ತುಂಬಿದ್ದವು. ಒಂದನ್ನೂ ಯಾರೂ ಮುಟ್ಟಿರಲಿಲ್ಲ. ಸೂಪರಿಂಟೆಂಡೆಂಟರು ಅಭ್ಯಾಸಬಲದಿಂದ ‘ಸರದಿಯ ಸರದಿ ಕುರಿತು’ ಎಂದು ಹೊಸದೊಂದು ಕಡತ ತೆರೆದಿದ್ದರು.

ತಕ್ಕಡಿಗೆ ಮುದ್ರೆ ಹಾಕಿಸಲು ಬೆಳಿಗ್ಗೆಯಿಂದ ಕಟ್ಟೆಯ ಮೇಲೆ ಕೂತಿದ್ದ ತರಕಾರಿಯಮ್ಮ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ ಒಳಗೆ ಬಂದಳು. “ನನ್ನ ತಕ್ಕಡಿಗೆ ಒಂದು ಏಟು ಹೊಡೆದುಕೊಟ್ಟು ಆಮೇಲೆ ನಿಮ್ಮ ಆಟ ಆಡ್ಕೊಳ್ಳಿ ಸ್ವಾಮಿ. ಸೊಪ್ಪು ಬಾಡ್ತಾ ಇದೆ.”

“ಆಟ ಅಲ್ಲಮ್ಮ, ಗಣಿತ,” ಎಂದ ಸುಮಾರಪ್ಪ. ಅವಳಿಗೂ ಪೂರ್ತಿ ವಿವರಿಸಿದ.

ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿ, “ಅಯ್ಯೋ, ಮೊದಲು ಎತ್ತೋನಿಗೇ ಅಲ್ವಾ ಕಷ್ಟ? ಅವನು ಕೈ ಹಾಕಿದಾಗ ಆ ಕೆಟ್ಟ ಚೀಟಿ ಖಂಡಿತ ಒಳಗೇ ಇರುತ್ತೆ. ಕೊನೆಯೋನು ಬರೋ ಹೊತ್ತಿಗೆ ಯಾರಾದರೂ ಅದನ್ನ ಎತ್ಕೊಂಡು ಹೋಗಿರ್ತಾರೆ. ಕೊಳೆತ ಟೊಮೇಟೊ ಯಾವಾಗಲೂ ಮೊದಲು ಬಂದೋರ ಕೈಗೇ ಸಿಗೋದು,” ಎಂದಳು.

ಇದರಲ್ಲೂ ಪಾಯಿಂಟು ಇತ್ತು.

ಮುದ್ರೆಯಣ್ಣ ಆ ಕ್ಷಣವೇ ಪಕ್ಷಾಂತರ ಮಾಡಿದ. “ನಾನು ಹಿರಿಯ. ನಾನು ಕೊನೆಗೆ ಎತ್ತೋದು.” ಅವನ ಹಿಂದೆ ಮೂವರು ಹೋದರು. ಈಗ ಮೊದಲಿನವರು ನಾಲ್ಕು, ಕೊನೆಯವರು ನಾಲ್ಕು. ದೇವರೇ ಇಳಿದುಬಂದು ಹಂಚಿದ್ದರೂ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ.

“ಬೇಕಾದೋರು ಮೊದಲು ನಿಂತ್ಕೊಳ್ಳಿ, ಬೇಡದೋರು ಹಿಂದೆ. ಮುಗೀತಲ್ಲ!” ಎಂದಳು ತರಕಾರಿಯಮ್ಮ.

ಮುಗಿಯಬೇಕಿತ್ತು. ಅಷ್ಟರಲ್ಲಿ ಸುಮಾರಪ್ಪನಿಗೆ ಕೊನೆಯವರ ವಾದವೇ ಸರಿ ಎನ್ನಿಸಿ ಅವನು ಆ ಕಡೆಗೆ ದಾಟಿದ. ಶಾಸ್ತ್ರ ಕಂಡವನೇ ದಾಟಿದ ಮೇಲೆ ಉಳಿದವರಿಗೆ ಧೈರ್ಯವೆಲ್ಲಿ? ಒಬ್ಬೊಬ್ಬರಾಗಿ ಎಲ್ಲರೂ ದಾಟಿದರು. ಇಷ್ಟು ಹೊತ್ತು ಮೊದಲಿಗನಾಗಲು ಕೈ ಮಿಲಾಯಿಸುವಷ್ಟಕ್ಕೆ ಬಂದವರು ಈಗ ಕೊನೆಯವರಾಗಲು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳತೊಡಗಿದರು. ಆ ನೂಕಾಟದಲ್ಲಿ ಕಾಲು ಲೀಟರಿನ ಡಬ್ಬ ಉರುಳಿ, ಸರದಿಯ ಸರದಿಯ ಸರದಿ ನೆಲದ ಮೇಲೆ ಚೆಲ್ಲಿತು.

“ನಾನು ಮೊದಲು...” ಎಂದು ಟೈಪಿಸ್ಟಮ್ಮ ಶುರುಮಾಡಿದಳು.

“ಪಾಪ, ತ್ಯಾಗಮಯಿ! ಬೇಡಮ್ಮ, ನಿನ್ನನ್ನ ಬಲಿ ಕೊಟ್ಟು ನಾವು ಬದುಕೋದಾ?” ಎಂದು ಹೆಡ್ ಕ್ಲಾರ್ಕು ಗದ್ಗದಿತರಾದರು.

ಸೂಪರಿಂಟೆಂಡೆಂಟರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. “ಸುಮಾರಪ್ಪನವರೇ, ನಿಮಗೆ ಈ ವಿದ್ಯೆ ಎಲ್ಲಿಂದ ಬಂತು?”

“ಹೊರಗಿಂದಲ್ಲ ಸಾರ್. ನಮ್ಮ ಮನೆಯಲ್ಲೇ ಇದೆ. ನಮ್ಮತ್ತೆ.”

“ಹಾಗಾದ್ರೆ ದಯವಿಟ್ಟು ಅವರನ್ನ ಕರೆಸಿ. ಇಲ್ಲದಿದ್ರೆ ಆ ಶಾಖೆಗೆ ನಾನೇ ಹೋಗ್ತೀನಿ.”

ಇಲಾಖೆಯ ಜೀಪು ಹೋಯಿತು. ಅರ್ಧ ಗಂಟೆಯಲ್ಲಿ ಅತ್ತೆಯವರು ಕಪ್ಪು ಕನ್ನಡಕ ಹಾಕಿಕೊಂಡು, ಹೊಲಿಗೆ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಇಳಿದರು. ಒಳಗೆ ಕಾಲಿಟ್ಟು ನೆಲದ ಮೇಲಿನ ಚೀಟಿಗಳನ್ನು ನೋಡಿ, “ಇದನ್ನ ಮೊದಲು ಗುಡಿಸಿ,” ಎಂದರು. ಹೆಡ್ ಕ್ಲಾರ್ಕು ಗುಡಿಸಿದರು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವರು ಪೊರಕೆ ಹಿಡಿದದ್ದು ಅದೇ ಮೊದಲು.

ಅಳಿಯನ ಸಿದ್ಧಾಂತವನ್ನೂ ತರಕಾರಿಯಮ್ಮನ ಸಿದ್ಧಾಂತವನ್ನೂ ಕೇಳಿ ಅತ್ತೆಯವರು ನಿಟ್ಟುಸಿರುಬಿಟ್ಟರು. “ನಿನ್ನೆ ನಾನು ‘ಆದರೆ’ ಅಂದೆ. ಇವರು ಏಣಿ ಹಿಡ್ಕೊಂಡು ಹೋದ್ರು. ಎಲ್ಲರೂ ಸಾಲಾಗಿ ನಿಲ್ಲಿ.”

ಚೀಲ ಹಿಡಿದು ಎಂಟೂ ಜನರಿಂದ ಒಂದೊಂದು ಗುಂಡಿ ತೆಗೆಸಿದರು. “ಯಾರೂ ನೋಡಬಾರದು. ಮುಷ್ಟಿ ಬಿಗಿ. ಈಗ ಜಾಗ ಅದಲುಬದಲು ಮಾಡ್ಕೊಳ್ಳಿ.” ಇಲಾಖೆಯ ಸಿಬ್ಬಂದಿ ಮುಷ್ಟಿ ಹಿಡಿದುಕೊಂಡು ಮೇಜಿನ ಸುತ್ತ ಸುತ್ತಿದರು.

“ಈಗ ಎಂಟು ಮುಷ್ಟಿ, ಒಂದರಲ್ಲಿ ಕರಿಗುಂಡಿ. ಮೊದಲು ತೆಗೆದ ಮುಷ್ಟಿ, ಕೊನೆಗೆ ತೆಗೆದ ಮುಷ್ಟಿ ಅಂತ ಮುಷ್ಟಿ ಮೇಲೆ ಬರೆದಿದೆಯಾ?”

“ಇಲ್ಲ ಟೀಚರ್,” ಎಂದರು ಎಲ್ಲರೂ, ಸೂಪರಿಂಟೆಂಡೆಂಟರೂ ಸೇರಿ.

“ಕೊನೆಯವನ ಪಾಲಿಗೆ ಕರಿಗುಂಡಿ ಉಳೀಬೇಕಾದ್ರೆ ಮುಂದಿನ ಏಳೂ ಜನ ತಪ್ಪಿಸಿಕೊಂಡಿರಬೇಕು. ಏಳು ಜನ ಒಟ್ಟಿಗೆ ತಪ್ಪಿಸಿಕೊಳ್ಳೋದು ಸುಲಭವಾ? ಎಂಟು ಸಲ ಆಡಿದ್ರೆ ಸುಮಾರು ಏಳು ಸಲ ಯಾರಾದರೂ ಮೊದಲೇ ಸಿಕ್ಕಿಬಿದ್ದಿರ್ತಾರೆ. ಕೊನೆಯವನಿಗೂ ಎಂಟರಲ್ಲಿ ಒಂದೇ. ಮೊದಲನೆಯವನಿಗೂ ಅಷ್ಟೇ. ತಿಳೀತಾ?”

ಸುಮಾರಪ್ಪನಿಗೆ ಉಳಿದದ್ದು ತಿಳಿಯಿತೋ ಇಲ್ಲವೋ, ಅತ್ತೆಯವರ ಬಾಯಲ್ಲಿ ‘ಸುಮಾರು’ ಬಂದದ್ದು ಕೇಳಿ ಎದೆ ತುಂಬಿಬಂತು.

ಮುಷ್ಟಿ ಬಿಚ್ಚಿದರು. ಕರಿಗುಂಡಿ ಸುಮಾರಪ್ಪನ ಅಂಗೈಯಲ್ಲಿತ್ತು.

“ಇನ್ನೊಂದು ಸಲ ಅತ್ತೆ!” ಎಂದ. ಇನ್ನೊಂದು ಸಲವೂ ಅವನಿಗೇ ಬಂತು. ಬೆವರು ಕಿತ್ತುಕೊಂಡು ಬಂತು. “ನೋಡಿದ್ರಾ? ನನ್ನ ಕೈಗೆ ಅದು ಅಂಟಿಕೊಂಡುಬಿಟ್ಟಿದೆ!”

“ಇಲ್ಲಪ್ಪ, ಎರಡು ಸಲ ಬಂತಲ್ಲ, ನಿಮ್ಮ ಕೋಟಾ ಮುಗೀತು. ಇನ್ನು ಬರಲ್ಲ,” ಎಂದು ಡ್ರೈವರ್ ಸಮಾಧಾನ ಹೇಳಿದ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

“ಎರಡೂ ತಪ್ಪು,” ಎಂದರು ಅತ್ತೆಯವರು. “ಗುಂಡಿಗೆ ನೆನಪಿಲ್ಲ. ಚೀಟಿಗೆ ನಿಮ್ಮ ಪರಿಚಯವೂ ಇಲ್ಲ. ಒಂದು ಸಲ ಆಗಿದ್ದು ಇನ್ನೊಂದು ಸಲಕ್ಕೆ ಚಾಡಿ ಹೇಳಲ್ಲ. ಸ್ವತಂತ್ರ ಘಟನೆಗಳು ಅಂತ ಹೆಸರು. ಈಗ ನಿಜವಾದ ಚೀಟಿ ತನ್ನಿ.”

ಹಳೆಯದನ್ನೆಲ್ಲ ಸುರಿದು ಖಾಲಿ ಮಾಡಿದ ಒಂದು ಲೀಟರಿನ ಡಬ್ಬದಲ್ಲಿ ಎಂಟು ಹೊಸ ಚೀಟಿ ಬಿದ್ದವು. ಯಾರು ಮೊದಲು ಎಂದು ಯಾರೂ ಕೇಳಲಿಲ್ಲ. ಸಾಲಾಗಿ ಬಂದು ಎತ್ತಿದರು, ಮುಷ್ಟಿ ಮೇಲೆತ್ತಿ ಹಿಡಿದರು. ಅತ್ತೆಯವರು ಮೂರು ಎಣಿಸಿದರು.

ಹೆಡ್ ಕ್ಲಾರ್ಕಿನದು ಖಾಲಿ. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಮುದ್ರೆಯಣ್ಣನದು ಖಾಲಿ. ಡ್ರೈವರ್ ತನ್ನ ಖಾಲಿ ಚೀಟಿಗೆ ಮುತ್ತಿಟ್ಟ. ಒಂದೊಂದಾಗಿ ಕೈಗಳು ಬಿಚ್ಚಿಕೊಂಡವು. ಸುಮಾರಪ್ಪನ ಮುಷ್ಟಿ ಮಾತ್ರ ಬಿಚ್ಚಲೊಲ್ಲದು. ಕೊನೆಗೆ ಮುದ್ರೆಯಣ್ಣನೇ ಬೆರಳು ಬೆರಳಾಗಿ ಬಿಡಿಸಿದ. ಬೆವರಿಗೆ ಒದ್ದೆಯಾದ ಕಾಗದದ ಮೇಲೆ ಮಸಿ ಸ್ವಲ್ಪ ಹರಡಿತ್ತು. ಆದರೂ ಗುಣಿಸು ಗುರುತು ಗುಣಿಸು ಗುರುತೇ.

ಸುಮಾರಪ್ಪ ಸ್ಟೂಲಿನ ಮೇಲೆ ಕೂತುಬಿಟ್ಟ. ಸೊಪ್ಪು ಬಾಡಿದ್ದನ್ನೂ ಮರೆತು ತರಕಾರಿಯಮ್ಮ ಅವನಿಗೆ ತನ್ನ ತಂಬಿಗೆಯಿಂದ ನೀರು ಕೊಟ್ಟಳು. ಅತ್ತೆಯವರು ಕಪ್ಪು ಕನ್ನಡಕ ತೆಗೆದು ಅಳಿಯನನ್ನು ನೋಡಿದರು. ಎಂಟರಲ್ಲಿ ಒಂದು ಎಂದು ಅವರೇ ಹೇಳಿದ್ದರು; ಆ ಒಂದು ತಮ್ಮ ಮಗಳ ಮನೆಯದಾಗಿರಬಹುದು ಎಂದು ಅವರ ಗಣಿತ ಹೇಳಿತ್ತಾದರೂ ಅವರ ಕರುಳು ಕೇಳಿಸಿಕೊಂಡಿರಲಿಲ್ಲ.

ಆ ಕಡೆಯಿಂದ ಈ ಕಡೆಗೆ ಕಣ್ಣು ತಿರುಗಿಸಿದವರು ಥಟ್ಟನೆ ನಿಂತರು. ಎಲ್ಲರ ಕೈಗಳೂ ಕೆಳಗಿಳಿದಿದ್ದವು. ಒಂದು ಕೈ ಮಾತ್ರ ಮೇಲೇ ಇತ್ತು. ಮೂವತ್ತನಾಲ್ಕು ವರ್ಷ ಪಾಠ ಮಾಡಿದವರಿಗೆ ಎತ್ತಿದ ಕೈ ಕಾಣದೆ ಹೋಗುವುದಿಲ್ಲ.

“ಎಲ್ಲರೂ ಸುಮ್ಮನಿರಿ,” ಎಂದರು, ಎಲ್ಲರೂ ಸುಮ್ಮನೇ ಇದ್ದರೂ. “ಆ ಕಿಟಕಿ ಹತ್ತಿರದ ಹುಡುಗಿ. ಏನಮ್ಮ? ಎದ್ದು ನಿಂತು ಹೇಳು.”

ನಿಂತೇ ಇದ್ದ ಟೈಪಿಸ್ಟಮ್ಮ ಇನ್ನೊಂದಿಷ್ಟು ನೆಟ್ಟಗಾದಳು. “ಟೀಚರ್, ನಾನು ಹೋಗ್ತೀನಿ.”

“ಎಲ್ಲಿಗೆ, ಮನೆಗಾ?” ಎಂದರು ಸೂಪರಿಂಟೆಂಡೆಂಟರು.

“ಕಡಲ ಶಾಖೆಗೆ ಸಾರ್. ಅದು ನಾನು ಹುಟ್ಟಿದ ಊರು. ನಮ್ಮಕ್ಕ ಅಲ್ಲೇ ಇದ್ದಾಳೆ, ದೋಣಿ ರಿಪೇರಿ ಅಂಗಡಿ ಇಟ್ಕೊಂಡಿದ್ದಾಳೆ. ನಿನ್ನೆಯಿಂದ ಹೇಳ್ತಾನೇ ಇದೀನಿ. ನೀವು ನಾಳೆ ಅಂದ್ರಿ. ಇವರು ಬಸ್ಸು ಅಂದ್ರು. ಇವರು ತ್ಯಾಗ ಅಂದ್ರು. ಕೊನೆಗೆ ಚೀಟಿನಾದ್ರೂ ನನಗೆ ಬರಲಿ ಅಂತ ಬೇಡ್ಕೊಂಡೆ. ಎಂಟರಲ್ಲಿ ಒಂದೇ ಅಂತ ಟೀಚರ್ ಹೇಳಿದಾಗ ನನಗೆ ಅಳು ಬಂತು.” ಈಗಲೂ ಬಂತು.

ಸುಮಾರಪ್ಪ ಸ್ಟೂಲಿನಿಂದ ಎದ್ದು, ಒದ್ದೆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಆಕೆಗೆ ಕೊಟ್ಟ. “ತಗೊಳ್ಳಿ ತಾಯಿ. ನಿಮ್ಮದೇ. ನನ್ನ ಕೈಗೆ ತಪ್ಪಿ ಬಂದಿತ್ತು.”

“ನಿಯಮದಲ್ಲಿ ಇದಕ್ಕೆ ಅವಕಾಶ ಇದೆಯಾ ಸಾರ್?” ಎಂದು ಹೆಡ್ ಕ್ಲಾರ್ಕು ಶುರುಮಾಡಿದರು.

“ಇದೆ!” ಎಂದು ಸೂಪರಿಂಟೆಂಡೆಂಟರು ಮೇಜು ಗುದ್ದಿದರು. ಅವರು ಮೇಜು ಗುದ್ದಿದ್ದನ್ನು ಅದುವರೆಗೆ ಕಂಡವರಿರಲಿಲ್ಲ. ಬಹುಶಃ ಮೇಜಿಗೂ ಆಶ್ಚರ್ಯವಾಯಿತು. “ಆರ್ಡರ್ ಟೈಪ್ ಮಾಡಿ!”

ಟೈಪ್ ಮಾಡಬೇಕಾದವಳೂ ಅವಳೇ. ತನ್ನ ವರ್ಗಾವಣೆಯನ್ನು ನಾಲ್ಕು ಪ್ರತಿ ಎಷ್ಟು ವೇಗವಾಗಿ ಹೊಡೆದಳೆಂದರೆ, ಯಂತ್ರದ ಸದ್ದಿಗೆ ಮುದ್ರೆಯಣ್ಣನ ಮಾತೇ ಯಾರಿಗೂ ಕೇಳಿಸಲಿಲ್ಲ. ಅವನು ಖುಷಿಯಿಂದ ತರಕಾರಿಯಮ್ಮನ ತಕ್ಕಡಿಗೆ ಒಂದಲ್ಲ, ಎರಡು ಮುದ್ರೆ ಹೊಡೆದುಕೊಟ್ಟ.

ಜೀಪಿನಲ್ಲಿ ಮನೆಗೆ ಹಿಂದಿರುಗುವಾಗ ಸುಮಾರಪ್ಪ ಕಿಟಕಿಯಿಂದ ಕಾಣುವ ಪ್ರತಿ ಅಂಗಡಿ, ಪ್ರತಿ ಕಂಬ, ಪ್ರತಿ ನಾಯಿಯನ್ನೂ ಪ್ರೀತಿಯಿಂದ ನೋಡಿದ. ಅತ್ತೆಯವರು, “ಗಾಬರಿ ಆಯ್ತು ಕಣ್ರೀ ನನಗೆ,” ಎಂದರು. ಅಳಿಯನ ಮುಂದೆ ಅವರು ಒಪ್ಪಿಕೊಂಡ ಮೊದಲ ವಿಷಯ ಅದು. ಅವನು ಹೊಲಿಗೆ ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

ಮನೆಯಲ್ಲಿ ಹೆಂಡತಿ ಹಜಾರದ ನಡುವೆ ಟ್ರಂಕಿನ ಮೇಲೆ ಕೂತಿದ್ದಳು. ರಜೆ ಹಾಕಿ, ಕೆಟ್ಟದ್ದಕ್ಕೇ ಸಿದ್ಧಳಾಗಿ, ಗಂಡನ ಬಟ್ಟೆಬರೆ, ಸ್ವೆಟರು, ಎರಡು ಜೊತೆ ಚಪ್ಪಲಿ ಎಲ್ಲವನ್ನೂ ತುಂಬಿ ಬೀಗ ಜಡಿದಿದ್ದಳು. ಸುದ್ದಿ ಕೇಳಿ ಮೊದಲು ಅತ್ತಳು, ಆಮೇಲೆ ನಕ್ಕಳು. ನಗು ನಿಂತ ಮೇಲೆ ಸೆರಗಿನ ತುದಿ, ಟೀಪಾಯಿ, ಕಿಟಕಿ ಹಲಗೆ ಎಲ್ಲ ತಡಕಿ ನೋಡಿ ಮೆಲ್ಲಗೆ ಹೇಳಿದಳು:

“ರೀ, ಬೀಗದ ಕೈ ಒಳಗೇ ಇಟ್ಟುಬಿಟ್ಟೆ ಅನ್ಸುತ್ತೆ. ನಿಮ್ಮ ಸ್ವೆಟರಿನ ಜೇಬಲ್ಲಿ.”

ಬೇರೆ ಯಾವ ದಿನವಾದರೂ ಸುಮಾರಪ್ಪ ಮನೆಯ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದ. ಇವತ್ತು ಬೂಟು ಬಿಚ್ಚಿ, ಅದೇ ಟ್ರಂಕಿನ ಮೇಲೆ ಹೆಂಡತಿಯ ಪಕ್ಕ ಜಾಗ ಮಾಡಿಕೊಂಡು ಕೂತ. ಬೀಗ ರಿಪೇರಿಯವನು ಬಂದದ್ದು ಸಂಜೆ ಆರಕ್ಕೆ. ಅಲ್ಲಿಯ ತನಕ ಆಫೀಸಿನ ಪ್ಯಾಂಟಿನಲ್ಲೇ ಕೂತು ಮೂರು ಲೋಟ ಚಹಾ ಕುಡಿದ. ಮೂರನೆಯದನ್ನು ಅತ್ತೆಯವರೇ ಮಾಡಿ ತಂದುಕೊಟ್ಟರು.